ಓದುಗರ ಪ್ರಶ್ನೆ, ನಮ್ಮ ಉತ್ತರ: ಮೊಬೈಲ್ ಇರುವ ಮನೆಯಲ್ಲಿ ಮಾತುಕತೆ

ಮೊಬೈಲ್, ವಾಟ್ಸ್ಆ್ಯಪ್, ವಿಡಿಯೊ ಕಾಲ್‌ಗಳಿಂದ ಮನೆಯವರ, ನೆಂಟರಿಷ್ಟರ, ನೆರೆಹೊರೆಯವರ ಒಡನಾಟ ಏನಾಗುತ್ತಿದೆ ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಹೆಚ್ಚಿನವರು ಕೇಳಿರುವುದು ದಿನಕ್ಕೆ ಎಷ್ಟು ಗಂಟೆ ಮೊಬೈಲ್ ನೋಡಬಹುದು ಎಂದು. ಆ ಗಂಟೆಗಳನ್ನು ಯಾರ ಪಾಲಿನಿಂದ ಕಿತ್ತುಕೊಂಡೆವು ಎಂದು ಮೊದಲು ಕೇಳಿಕೊಳ್ಳಬೇಕು. ಎಲ್ಲರೂ ಮಲಗಿದ ಮೇಲೆ ಒಂದು ಗಂಟೆ ಯಕ್ಷಗಾನ ನೋಡಿದರೆ ಯಾರಿಗೂ ನಷ್ಟವಿಲ್ಲ. ಮಗಳು ಶಾಲೆಯ ಸುದ್ದಿ ಹೇಳುತ್ತಿರುವಾಗ ಎರಡು ನಿಮಿಷ ಸ್ಕ್ರೀನ್ ನೋಡಿದರೆ ನಷ್ಟವಿದೆ. ಕೆಳಗಿನ ಉತ್ತರಗಳನ್ನೆಲ್ಲ ಈ ದೃಷ್ಟಿಯಿಂದಲೇ ಬರೆದಿದ್ದೇವೆ.

ರಾತ್ರಿ ಊಟಕ್ಕೆ ಕೂತಾಗ ನಮ್ಮವರು ತಟ್ಟೆಯ ಪಕ್ಕದಲ್ಲೇ ಮೊಬೈಲ್ ಇಟ್ಟುಕೊಳ್ಳುತ್ತಾರೆ. "ನೋಡ್ತಾ ಇಲ್ಲವಲ್ಲ, ಸುಮ್ನೆ ಇಟ್ಟಿದ್ದೀನಿ" ಅನ್ನುತ್ತಾರೆ. ಏನಾದರೂ ಹೇಳಿದರೆ ಜಗಳವೇ. ಏನು ಮಾಡಲಿ?
ಗೃಹಿಣಿ, ದಾವಣಗೆರೆ

ಸುಮ್ಮನೆ ಇಟ್ಟ ಮೊಬೈಲ್ ಕೂಡ ಗಮನ ಎಳೆಯುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸ್ನೇಹಿತರು, ಮನೆಯವರ ಜೊತೆ ಕೆಫೆಗೆ ಊಟಕ್ಕೆ ಬಂದ 300ಕ್ಕೂ ಹೆಚ್ಚು ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಮೊಬೈಲನ್ನು ಮೇಜಿನ ಮೇಲೆ ಇಡಲು, ಇನ್ನೊಂದು ಪಾಲಿನವರಿಗೆ ತೆಗೆದಿಡಲು ಹೇಳಿದ್ದರು. ಮೇಜಿನ ಮೇಲೆ ಇಟ್ಟವರ ಗಮನ ಹೆಚ್ಚು ಚದುರಿತು, ಜೊತೆಗೆ ಕೂತು ಉಂಡ ಖುಷಿಯೂ ಕಡಿಮೆಯಾಯಿತು. ಎರಡೂ ಪಾಲಿನವರ ನಡುವಿನ ಅಂತರ ದೊಡ್ಡದೇನೂ ಇರಲಿಲ್ಲ. ಆದರೆ ಮನೆಯಲ್ಲಿ ಊಟ ದಿನಾ ನಡೆಯುತ್ತದೆ. ಅಷ್ಟಿಷ್ಟು ನಷ್ಟವೇ ವರ್ಷಕ್ಕೆ 365 ಸಲ ಕೂಡುತ್ತಾ ಹೋಗುತ್ತದೆ.

ಊಟದ ನಡುವೆ ಈ ಮಾತು ಎತ್ತಬೇಡಿ. ಆಗ ಅವರಿಗೆ ಅದು ತಪ್ಪು ಹಿಡಿದಂತೆ ಕೇಳುತ್ತದೆ, ಮಕ್ಕಳ ಮುಂದೆ ಸೋಲಬಾರದೆಂಬ ಹಟವೂ ಬರುತ್ತದೆ. ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುವಾಗ, ಮೊಬೈಲ್ ಇಬ್ಬರ ಕೈಯಲ್ಲೂ ಇಲ್ಲದಿರುವಾಗ, "ರಾತ್ರಿ ಎಂಟೂವರೆಯಿಂದ ಒಂಬತ್ತೂಕಾಲರವರೆಗೆ ನಾಲ್ಕೂ ಜನರ ಮೊಬೈಲ್ ಒಂದು ಕಡೆ ಇಡೋಣ" ಎಂದು ಹೇಳಿ ನೋಡಿ. ಸಮಯ ಗಡಿಯಾರದ ಲೆಕ್ಕದಲ್ಲೇ ಇರಲಿ. "ಊಟ ಆಗೋವರೆಗೆ" ಎಂದರೆ ಅದು ಕೈ ತೊಳೆಯುವಾಗಲೇ ಮುಗಿದುಹೋಗುತ್ತದೆ.

ಜಾಗದ ಆಯ್ಕೆ ಮುಖ್ಯ. ಹಾಲ್‌ನ ಪ್ಲಗ್ ಪಾಯಿಂಟ್ ಹತ್ತಿರ ಒಂದು ತೆರೆದ ಬುಟ್ಟಿ ಇಟ್ಟು ಎಲ್ಲರ ಚಾರ್ಜರನ್ನೂ ಅಲ್ಲಿಗೇ ತನ್ನಿ. ಕೂತಲ್ಲಿಂದ ಕೈಗೆ ಎಟುಕಬಾರದು, ರಿಂಗ್ ಆದರೆ ಕೇಳಬೇಕು. ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿದರೆ ಏನಾದರೂ ತುರ್ತು ಕರೆ ಬಂದೀತೆಂಬ ಆತಂಕದಲ್ಲಿ ಊಟದ ತುಂಬ ಮನಸ್ಸು ಅಲ್ಲೇ ಇರುತ್ತದೆ. ಆ ಆತಂಕಕ್ಕೆ ಮದ್ದು ಮೊಬೈಲಿನಲ್ಲೇ ಇದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ಡು ನಾಟ್ ಡಿಸ್ಟರ್ಬ್ ಎಂದು ಹುಡುಕಿ, ಅದರಲ್ಲಿ ಕರೆಗಳ ವಿಭಾಗಕ್ಕೆ ಹೋಗಿ, ಸ್ಟಾರ್ ಗುರುತು ಹಾಕಿದ ಕಾಂಟ್ಯಾಕ್ಟ್‌ಗಳಿಗೆ ಮಾತ್ರ ಅನುಮತಿ ಕೊಡಿ. ಅಪ್ಪ ಅಮ್ಮ, ಅತ್ತೆ ಮಾವ, ಆಫೀಸಿನ ಒಬ್ಬರು, ಹೀಗೆ ಐದಾರು ಹೆಸರಿಗೆ ಮೊದಲೇ ಸ್ಟಾರ್ ಹಾಕಿಡಿ. ಅಲ್ಲೇ ಮತ್ತೆ ಮತ್ತೆ ಕರೆ ಮಾಡುವವರಿಗೂ ಅನುಮತಿ ಕೊಡಬಹುದು: ಒಂದೇ ನಂಬರಿನಿಂದ 15 ನಿಮಿಷದೊಳಗೆ ಎರಡನೇ ಸಲ ಕರೆ ಬಂದರೆ ರಿಂಗ್ ಆಗುತ್ತದೆ. ಐಫೋನ್‌ನಲ್ಲಿ ಇದು 3 ನಿಮಿಷದೊಳಗಿನ ಎರಡನೇ ಕರೆಗೆ ಅನ್ವಯ. ಶೆಡ್ಯೂಲ್‌ನಲ್ಲಿ ಸಮಯ ಹಾಕಿಬಿಟ್ಟರೆ ದಿನಾ ತಾನಾಗಿಯೇ ಶುರುವಾಗಿ ತಾನಾಗಿಯೇ ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಡುವುದು ಸಣ್ಣಪುಟ್ಟ ನೆಪಗಳಿಂದ. ಗಂಟೆ ಎಷ್ಟು ಅಂತ ನೋಡಲು ಮೊಬೈಲ್ ಎತ್ತಿದವರು ಐದು ನಿಮಿಷ ಕೆಳಗಿಡುವುದಿಲ್ಲ. ಊಟದ ಕೋಣೆಯಲ್ಲಿ ಗೋಡೆ ಗಡಿಯಾರ, ಮಲಗುವ ಕೋಣೆಯಲ್ಲಿ ಅಲಾರಂ ಗಡಿಯಾರ, ಕರೆಂಟ್ ಹೋದರೆ ಕೈಗೆ ಸಿಗುವಂತೆ ಒಂದು ಟಾರ್ಚ್ ಇರಲಿ. ಕೈಯಲ್ಲಿ ಸ್ಮಾರ್ಟ್ ವಾಚ್ ಇದ್ದರೆ ಅದೂ ಬುಟ್ಟಿಗೇ ಹೋಗಬೇಕು, ಇಲ್ಲವಾದರೆ ಮೊಬೈಲ್ ಇಟ್ಟೂ ಇಟ್ಟಂತಾಗುವುದಿಲ್ಲ. ಇನ್ನೊಂದು ಮಾತು ನಿಮಗೆ: ಆ ಹೊತ್ತಿಗೆ ಧಾರಾವಾಹಿ ಹಾಕಿಕೊಂಡಿದ್ದರೆ ಟಿವಿಯೂ ಆಫ್ ಆಗಬೇಕು. ಒಬ್ಬರಿಗೆ ಮಾತ್ರ ಇರುವ ನಿಯಮ ವಾರಕ್ಕಿಂತ ಹೆಚ್ಚು ನಿಲ್ಲುವುದಿಲ್ಲ.

ಮಗ, ಸೊಸೆ, 4 ವರ್ಷದ ಮೊಮ್ಮಗ ನ್ಯೂಜೆರ್ಸಿಯಲ್ಲಿದ್ದಾರೆ. ಪ್ರತಿ ಭಾನುವಾರ ವಿಡಿಯೊ ಕಾಲ್ ಮಾಡುತ್ತಾರೆ. "ಊಟ ಆಯ್ತಾ, ಅಲ್ಲಿ ಚಳಿಯಾ" ಅನ್ನುವಷ್ಟರಲ್ಲಿ ಮಾತು ಮುಗಿದುಹೋಗುತ್ತದೆ. ಮೊಮ್ಮಗ ಮುಖ ತೋರಿಸಿ ಓಡಿಬಿಡುತ್ತಾನೆ. ದಿನವೂ ನೋಡುವ ಸೌಲಭ್ಯ ಇದ್ದೂ ದೂರವಾದಂತಿದೆ.
ನಿವೃತ್ತ ಶಿಕ್ಷಕರು, ಶಿವಮೊಗ್ಗ

ವಾರಕ್ಕೊಂದೇ ಕರೆ ಎಂದಾಗ ಸಣ್ಣ ಸಂಗತಿಗಳೆಲ್ಲ "ಇದೇನು ಹೇಳೋದು" ಎಂದು ಬಿಟ್ಟುಹೋಗುತ್ತವೆ. ಭಾನುವಾರದ ಹೊತ್ತಿಗೆ ಉಳಿಯುವುದು ಆರೋಗ್ಯ, ಹವೆ, ಊಟ. ಒಂದೇ ಮನೆಯಲ್ಲಿದ್ದಾಗ ನೀವು ಮಗನ ಜೊತೆ ಆಡುತ್ತಿದ್ದ ಮಾತು ಎಂಥದ್ದು ಎಂದು ನೆನಪಿಸಿಕೊಳ್ಳಿ: ಹಾಲಿನವನು ತಡವಾಗಿ ಬಂದ, ಎದುರು ಮನೆಯವರು ಗೇಟಿಗೆ ಬಣ್ಣ ಹೊಡೆಸಿದರು. ಆತ್ಮೀಯತೆ ಇಂಥ ಮಾತುಗಳಲ್ಲೇ ಇರುತ್ತದೆ. ಅವನ್ನು ವಾಪಸ್ ತರಬೇಕು.

ಅದಕ್ಕೆ ವಾಯ್ಸ್ ಮೆಸೇಜ್ ಒಳ್ಳೆಯ ದಾರಿ. ವಾಟ್ಸ್ಆ್ಯಪ್‌ನಲ್ಲಿ ಮಗನ ಚಾಟ್ ತೆರೆದು ಮೈಕ್ ಗುರುತನ್ನು ಒತ್ತಿ ಹಿಡಿದು ಮೇಲಕ್ಕೆ ಎಳೆದರೆ ಅದು ಲಾಕ್ ಆಗುತ್ತದೆ, ಆಮೇಲೆ ಬೆರಳು ಬಿಟ್ಟು ಆರಾಮವಾಗಿ ಮಾತಾಡಬಹುದು. ವಾರಕ್ಕೆ ಮೂರು ನಾಲ್ಕು ಸಾಕು, ಒಂದೊಂದು ಒಂದು ನಿಮಿಷದೊಳಗೆ. "ಹಿತ್ತಲ ಹಲಸಿನ ಮರದಲ್ಲಿ ಈ ಸಲ ಎಂಟೇ ಕಾಯಿ, ಅಮ್ಮ ಒಂದನ್ನು ಹಪ್ಪಳಕ್ಕೆ ಅಂತ ಎತ್ತಿಟ್ಟಿದ್ದಾಳೆ" ಎಂಬಷ್ಟು. ಆಫೀಸಿಗೆ ಹೋಗುವ ದಾರಿಯಲ್ಲಿ ಅವನು ಅದನ್ನು ಕೇಳುತ್ತಾನೆ. ಉತ್ತರ ಬರಲೇಬೇಕು ಎಂದು ಕಾಯಬೇಡಿ, ಭಾನುವಾರ ಅವನೇ "ಹಪ್ಪಳ ಆಯ್ತಾ" ಎಂದು ಕೇಳಿದರೆ ಕೆಲಸ ಆದಂತೆ.

ಸಮಯದ ಲೆಕ್ಕ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಬೇಸಿಗೆಯಲ್ಲಿ ನ್ಯೂಜೆರ್ಸಿ ನಮಗಿಂತ 9 ಗಂಟೆ 30 ನಿಮಿಷ ಹಿಂದೆ, ಚಳಿಗಾಲದಲ್ಲಿ 10 ಗಂಟೆ 30 ನಿಮಿಷ ಹಿಂದೆ. ಅಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಿ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಕರೆ ತಪ್ಪಿ ಮುನಿಸು ಶುರುವಾಗುವುದು ಈ ಎರಡು ವಾರಗಳಲ್ಲೇ. ನಿಮ್ಮ ಸಂಜೆ 5 ಗಂಟೆ ಎಂದರೆ ಬೇಸಿಗೆಯಲ್ಲಿ ಅವರಿಗೆ ಬೆಳಿಗ್ಗೆ ಏಳೂವರೆ, ಮಗು ತಿಂಡಿಗೆ ಕೂರುವ ಹೊತ್ತು. ಚಳಿಗಾಲದಲ್ಲಿ ಅದೇ ಕರೆಯನ್ನು ನೀವು ಸಂಜೆ 6ಕ್ಕೆ ಮಾಡಬೇಕು. ಬೆಳಿಗ್ಗೆ 8ಕ್ಕೆ ನೀವು ಮಾಡಿದರೆ ಬೇಸಿಗೆಯಲ್ಲಿ ಅವರಿಗೆ ರಾತ್ರಿ ಹತ್ತೂವರೆ, ಮಗು ಮಲಗಿರುತ್ತದೆ, ಮಗನೂ ದಣಿದಿರುತ್ತಾನೆ.

ಇನ್ನು ಕ್ಯಾಮೆರಾ. ಮೊಬೈಲನ್ನು ಮಡಿಲಲ್ಲಿ ಹಿಡಿದರೆ ಮೊಮ್ಮಗನಿಗೆ ಕಾಣುವುದು ಅಜ್ಜನ ಗಲ್ಲ, ಮೂಗಿನ ಹೊಳ್ಳೆ, ತಲೆಯ ಮೇಲೆ ತಿರುಗುವ ಫ್ಯಾನ್. ಮೊಬೈಲ್ ಸ್ಟ್ಯಾಂಡ್ ಅಂಗಡಿಯಲ್ಲಿ ಸಿಗುತ್ತದೆ, ಇಲ್ಲದಿದ್ದರೆ ನಾಲ್ಕು ದಪ್ಪ ಪುಸ್ತಕ ಪೇರಿಸಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುವಂತೆ ಒರಗಿಸಿಡಿ. ಕಿಟಕಿ ಅಥವಾ ಟ್ಯೂಬ್‌ಲೈಟ್ ನಿಮ್ಮ ಮುಖದ ಎದುರಿಗಿರಲಿ, ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ. ಟೈಲ್ಸ್ ಹಾಕಿದ ಹಾಲ್‌ನಲ್ಲಿ ಸ್ಪೀಕರ್ ಧ್ವನಿ ಗುಂಯ್‌ಗುಡುತ್ತದೆ. ಕಿವಿ ಸ್ವಲ್ಪ ಮಂದವಾಗಿದ್ದರಂತೂ ಅದರಿಂದಲೇ ಮಾತು ಬೇಗ ಮುಗಿಯುವುದುಂಟು, ಏನು ಹೇಳಿದರೆಂದು ಎರಡು ಸಲ ಕೇಳಿದ ಮೇಲೆ ಹಿರಿಯರು ಸುಮ್ಮನೆ ತಲೆಯಾಡಿಸಿಬಿಡುತ್ತಾರೆ. ವೈರ್ ಇರುವ ಇಯರ್‌ಫೋನ್ ಹಾಕಿ, ಟಿವಿ ನಿಲ್ಲಿಸಿ. ಆಮೇಲೂ ಕೇಳದಿದ್ದರೆ ಕಿವಿ ಪರೀಕ್ಷೆ ಮಾಡಿಸಿ. ದೂರದ ಕರೆಯಲ್ಲಿ ಧ್ವನಿ ಕೊಂಚ ತಡವಾಗಿ ತಲುಪುವುದರಿಂದ ಅವರ ಮಾತು ನಿಂತ ಮೇಲೆ ಒಂದು ಉಸಿರಿನಷ್ಟು ಬಿಟ್ಟು ನೀವು ಮಾತಾಡಿ.

4 ವರ್ಷದ ಮಗುವಿಗೆ ಪ್ರಶ್ನೆ ಕೇಳಿದರೆ ಓಡದೆ ಇನ್ನೇನು ಮಾಡೀತು? "ಅಜ್ಜನಿಗೆ ಹಾಯ್ ಹೇಳು, ಪದ್ಯ ಹೇಳು" ಎಂಬುದು ಅದಕ್ಕೆ ಪರೀಕ್ಷೆಯೇ. ಕೇಳುವುದನ್ನು ಬಿಟ್ಟು ತೋರಿಸಿ. ಒಂದೇ ಚಿತ್ರಪುಸ್ತಕದ ಎರಡು ಪ್ರತಿ ತಂದು ಒಂದನ್ನು ಅವರಿಗೆ ಕಳಿಸಿ. ನೀವು ಇಲ್ಲಿ ಓದುವಾಗ ಅವನು ಅಲ್ಲಿ ಪುಟ ತಿರುಗಿಸಲಿ. ಮುಚ್ಚಿದ ಮುಷ್ಟಿಯಲ್ಲಿ ಹುಣಸೆ ಬೀಜ ಯಾವುದರಲ್ಲಿದೆ ಎಂದು ಆಡಿಸಿ. ಹತ್ತು ನಿಮಿಷ ಕೂತರೆ ಧಾರಾಳವಾಯಿತು.

ಮಗನ ಜೊತೆಗಂತೂ ಅಡುಗೆಯ ಕರೆಗಿಂತ ಒಳ್ಳೆಯದು ಇಲ್ಲ. ಅವನು ಮೊಬೈಲನ್ನು ಒಲೆಯ ಪಕ್ಕ ಒರಗಿಸಿಡಲಿ, ಇಲ್ಲಿ ಅವನ ಅಮ್ಮ ಹುಳಿ ಮಾಡುವುದನ್ನು ಹೇಳಿಕೊಡಲಿ. ತೊಗರಿಬೇಳೆ ಬೇಯುವ ಇಪ್ಪತ್ತು ನಿಮಿಷ ಯಾರೂ ಏನೂ ಮಾತಾಡಬೇಕಿಲ್ಲ. ಬೀನ್ಸ್ ಹೆಚ್ಚುತ್ತಾ, ಕಣ್ಣು ಕಣ್ಣು ನೋಡದೆ ಇರುವಾಗಲೇ ಕೆಲಸದ ತೊಂದರೆ, ಮನಸ್ಸಿನ ಬೇಸರ ಹೊರಬರುವುದು. ಮುಖಕ್ಕೆ ಮುಖ ಕೊಟ್ಟು ಕೂತ ಕರೆಯಲ್ಲಿ ಅದು ಬರುವುದು ಕಷ್ಟ.

ಎರಡೂವರೆ ವರ್ಷದ ಮಗಳು ಮೊಬೈಲ್ ಕೊಡದಿದ್ದರೆ ತುತ್ತು ಬಾಯಿಗೆ ಇಡುವುದಿಲ್ಲ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಅತ್ತೆಯವರು ನೋಡಿಕೊಳ್ಳುತ್ತಾರೆ. ಬಿಡಿಸುವುದು ಹೇಗೆ?
ತಾಯಿ, ಮೈಸೂರು

2 ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡ, 2ರಿಂದ 5 ವರ್ಷದವರೆಗೆ ದಿನಕ್ಕೆ 1 ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ನೆಂಟರ ಜೊತೆ ಅಪರೂಪಕ್ಕೆ ಮಾಡುವ ವಿಡಿಯೊ ಕಾಲ್‌ಗೆ ವಿನಾಯಿತಿ ಇದೆ. ಆದರೆ ಆ 1 ಗಂಟೆಯೂ ಊಟದ ಹೊತ್ತಿಗೆ ಬೇಡ. ಮೊಬೈಲ್ ನೋಡುತ್ತಾ ಉಣ್ಣುವ ಮಗು ತಟ್ಟೆ ನೋಡುವುದಿಲ್ಲ, ಹಸಿವೆ ತೀರಿತೋ ಇಲ್ಲವೋ ಗಮನಿಸುವುದಿಲ್ಲ. ಬಾಯಿ ತಾನಾಗಿ ತೆರೆಯುತ್ತದೆ, ಅಷ್ಟೇ. "ಚಂದಮಾಮ ಬಂದ, ಕಾಗೆ ಬಂತು" ಎಂಬ ಮಾತುಗಳಲ್ಲಿ ಮಗು ಭಾಷೆ ಕಲಿಯುವ ಹೊತ್ತೂ ಹೋಗುತ್ತದೆ.

ಇಬ್ಬರಿಗೂ ರಜೆ ಇರುವ ಶನಿವಾರ ಬೆಳಿಗ್ಗೆ ಶುರುಮಾಡಿ. ಊಟಕ್ಕೆ ಮುಂಚಿನ ಎರಡೂವರೆ, ಮೂರು ಗಂಟೆ ಹಾಲು, ಬಿಸ್ಕತ್ತು, ಚಿಪ್ಸ್ ಏನೂ ಕೊಡಬೇಡಿ. ಹಸಿವೆಯಿಲ್ಲದ ಮಗುವಿನ ಮುಂದೆ ಯಾವ ಉಪಾಯವೂ ನಡೆಯುವುದಿಲ್ಲ. ಎಲ್ಲರ ಜೊತೆ ಕೂರಿಸಿ, ಅವಳದ್ದೇ ತಟ್ಟೆಯಲ್ಲಿ ಎರಡು ಚಮಚ ಅನ್ನ-ತೊವ್ವೆ, ಬೇಯಿಸಿದ ಕ್ಯಾರೆಟ್ಟಿನ ನಾಲ್ಕು ತುಂಡು ಹಾಕಿ. ಕೈಯಲ್ಲಿ ಕಲಸಲಿ, ಚೆಲ್ಲಲಿ. 25 ನಿಮಿಷ ಆದ ಮೇಲೆ ಎಷ್ಟೇ ತಿಂದಿದ್ದರೂ ತಟ್ಟೆ ಎತ್ತಿಬಿಡಿ, ಮುಂದಿನ ಊಟಕ್ಕೆ ಮತ್ತೆ ಇಡಿ. ಮೊದಲ ಮೂರು ನಾಲ್ಕು ದಿನ ಅವಳು ಕಡಿಮೆ ತಿನ್ನುತ್ತಾಳೆ, ಅಳುತ್ತಾಳೆ. ಸಾಮಾನ್ಯವಾಗಿ ಎರಡು ವಾರದಲ್ಲಿ ಹೊಂದಿಕೊಳ್ಳುತ್ತಾರೆ. ತೂಕ ಇಳಿಯುತ್ತಿದ್ದರೆ, ಗಟ್ಟಿ ಆಹಾರಕ್ಕೆ ಪ್ರತಿ ಸಲ ವಾಕರಿಕೆ ಬರುತ್ತಿದ್ದರೆ, ಹೆಸರು ಹಿಡಿದು ಕರೆದರೂ ತಿರುಗದಿದ್ದರೆ ತಡಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಹೆಚ್ಚಾಗಿ ಕೆಡುವುದು ಐದನೇ ದಿನ. ಮಗು ಉಪವಾಸ ಇದೆ ಎಂದು ಅಜ್ಜಿಯ ಕರುಳು ಚುರುಕ್ಕೆಂದು "ಇವತ್ತೊಂದಿನ" ಎಂದು ಮೊಬೈಲ್ ಕೊಡುತ್ತಾರೆ. ಅತ್ತರೆ ಸಿಗುತ್ತದೆ ಎಂದು ಮಗು ಕಲಿಯುವುದು ಆ ಒಂದು ದಿನದಿಂದಲೇ. ಆದ್ದರಿಂದ ಶುರುಮಾಡುವ ಮುಂಚೆ ಅತ್ತೆಯವರ ಜೊತೆ ಕೂತು ಮಾತಾಡಿ. ಅವರನ್ನು ದೂರಬೇಡಿ. ದಿನವಿಡೀ ಒಬ್ಬರೇ ಮಗು ನೋಡಿಕೊಂಡು ಸುಸ್ತಾದವರಿಗೆ ಆ ಮೊಬೈಲೊಂದೇ ಬಿಡುವು ಕೊಡುವ ವಸ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಬೇರೆ ಯಾರಾದರೂ ಒಂದು ಗಂಟೆ ಬಂದು ಕೈಜೋಡಿಸುವಂತೆ ಏರ್ಪಾಡು ಮಾಡಿ.

ನಿಮ್ಮ ಕೈಯಲ್ಲಿರುವ ಮೊಬೈಲೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಮಾಡಿದ ಪ್ರಯೋಗದಲ್ಲಿ ಆಡಿಸುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಮುಖದ ಭಾವವನ್ನೆಲ್ಲ ನಿಲ್ಲಿಸಿಬಿಡುತ್ತಾಳೆ. ಮಗು ನಗುತ್ತದೆ, ಕೈಚಾಚುತ್ತದೆ, ಕಡೆಗೆ ಮುಖ ತಿರುಗಿಸುತ್ತದೆ ಅಥವಾ ಅಳುತ್ತದೆ. ಕೆಲವೇ ನಿಮಿಷಗಳ ಪ್ರಯೋಗ ಅದು. ಮೊಬೈಲ್ ಓದುವವರ ಮುಖವೂ ಹಾಗೆಯೇ ಭಾವವಿಲ್ಲದೆ ಇರುತ್ತದೆ. ಕೆಲಸದಿಂದ ಬಂದ ಮೊದಲ ಅರ್ಧ ಗಂಟೆ ಮೊಬೈಲ್ ಬ್ಯಾಗಿನಲ್ಲೇ ಇರಲಿ.

15 ವರ್ಷದ ಮಗ ಗೇಮ್‌ನಲ್ಲೇ ಮುಳುಗಿರುತ್ತಾನೆ. ಮಾತಾಡಿಸಿದರೆ ಸಿಡುಕುತ್ತಾನೆ. ಇದು ಚಟವೇ?
ತಂದೆ, ಕಲಬುರಗಿ

ಸಿಡುಕುವುದು ಆ ವಯಸ್ಸಿನ ಎಲ್ಲ ಮಕ್ಕಳಲ್ಲೂ ಇದೆ. ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿರುವುದು, ಊಟ-ಓದು-ಗೆಳೆಯರಿಗಿಂತ ಗೇಮ್ ಮುಂದಾಗುವುದು, ಹಾನಿ ಕಣ್ಣಿಗೆ ಕಂಡರೂ ಮುಂದುವರಿಯುವುದು, ಇವು ಮೂರೂ ಸುಮಾರು 12 ತಿಂಗಳು ಇದ್ದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಕಾಯಿಲೆ ಎಂದು ಪರಿಗಣಿಸುತ್ತದೆ. ಮೊಬೈಲ್ ಕಿತ್ತು ಬೀಸಾಡಬೇಡಿ. ತಂಡ ಕಟ್ಟಿ ಆಡುವ ಗೇಮ್ ಆದರೆ ನಡುವೆ ಎದ್ದರೆ ಜೊತೆಯವರು ಸೋಲುತ್ತಾರೆ, ಆದ್ದರಿಂದ "ಈ ಮ್ಯಾಚ್ ಮುಗಿಯಲು ಎಷ್ಟು ಹೊತ್ತು" ಎಂದು ಕೇಳಿ, ಅದು ಮುಗಿದ ಮೇಲೆ ನಿಲ್ಲಿಸುವಂತೆ ಮಾತಾಡಿಕೊಳ್ಳಿ. ಒಂದು ದಿನ ಪಕ್ಕ ಕೂತು ಅವನು ಆಡುವುದನ್ನು ನೋಡಿ, ಯಾರ ಜೊತೆ ಆಡುತ್ತಾನೆಂದು ತಿಳಿದುಕೊಳ್ಳಿ. ರಾತ್ರಿ ಮೊಬೈಲ್ ಅವನ ಕೋಣೆಯಲ್ಲಿ ಬೇಡ. ಶಾಲೆ ತಪ್ಪಿಸುತ್ತಿದ್ದರೆ, ರಾತ್ರಿ ನಿದ್ದೆ ಬಿಡುತ್ತಿದ್ದರೆ, ದುಡ್ಡು ಖರ್ಚಾಗುತ್ತಿದ್ದರೆ 12 ತಿಂಗಳು ಕಾಯಬೇಕಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ, ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಶಟ್ ಕ್ಲಿನಿಕ್ ನಡೆಯುತ್ತಿದೆ.

ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ 140 ಜನ. ಬೆಳಿಗ್ಗೆ ಗುಡ್ ಮಾರ್ನಿಂಗ್, ಸಂಜೆ ರಾಜಕೀಯದ ಜಗಳ. ಬಿಟ್ಟರೆ ದೊಡ್ಡಪ್ಪ ಬೇಜಾರು ಮಾಡಿಕೊಳ್ಳುತ್ತಾರೆ, ಇದ್ದರೆ ತಲೆನೋವು.
ಬ್ಯಾಂಕ್ ಉದ್ಯೋಗಿ, ಉಡುಪಿ

ಬಿಡಬೇಡಿ, ಮ್ಯೂಟ್ ಮಾಡಿ. ಗ್ರೂಪ್ ಹೆಸರು ಒತ್ತಿದರೆ ಮ್ಯೂಟ್ ಸಿಗುತ್ತದೆ, 8 ಗಂಟೆ, 1 ವಾರ, ಯಾವಾಗಲೂ ಎಂಬ ಮೂರು ಆಯ್ಕೆಗಳಿವೆ. ನೀವು ಮ್ಯೂಟ್ ಮಾಡಿದ್ದು ಯಾರಿಗೂ ತಿಳಿಯುವುದಿಲ್ಲ. ಬಿಡಲೇಬೇಕೆಂದರೆ ಈಗ ಅದರ ಸೂಚನೆ ಅಡ್ಮಿನ್‌ಗಳಿಗೆ ಮಾತ್ರ ಹೋಗುತ್ತದೆ, ಆದರೆ ಹಿಂದಿನ ಸದಸ್ಯರ ಪಟ್ಟಿಯಲ್ಲಿ 60 ದಿನ ನಿಮ್ಮ ಹೆಸರು ಕಾಣುತ್ತದೆ. ದೊಡ್ಡಪ್ಪ ಹುಡುಕಿದರೆ ಸಿಕ್ಕೇ ಸಿಗುತ್ತದೆ!

ಗ್ರೂಪನ್ನೇ ಸರಿಮಾಡುವ ದಾರಿಯೂ ಇದೆ. ಎರಡು ಗ್ರೂಪ್ ಮಾಡಿ. ಒಂದರಲ್ಲಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವಂತೆ ಗ್ರೂಪ್ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿ, ಮನೆತನದ ಮೂರು ಕವಲಿಗೆ ಒಬ್ಬೊಬ್ಬರು ಅಡ್ಮಿನ್ ಇರಲಿ. ಮದುವೆ, ಗೃಹಪ್ರವೇಶ, ಶ್ರಾದ್ಧ, ದೇವರ ಕಾರ್ಯ, ಆಸ್ಪತ್ರೆ, ಸಾವು, ಇಷ್ಟೇ ಅಲ್ಲಿ. ಹರಟೆಗೆ ಇನ್ನೊಂದು ಇರಲಿ, ಅದಕ್ಕೆ ಬೇಕಾದವರು ಸೇರಲಿ. ರಾಜಕೀಯದ ಜಗಳ ಹತ್ತಿದಾಗ ಗ್ರೂಪಿನಲ್ಲೇ ಬುದ್ಧಿ ಹೇಳಿದರೆ 140 ಜನರ ಎದುರು ಯಾರೂ ಹಿಂದೆ ಸರಿಯುವುದಿಲ್ಲ. ಇಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿ.

ಗ್ರೂಪಿನಿಂದ ಆಗಿರುವ ದೊಡ್ಡ ನಷ್ಟ ಬೇರೆ. ಚಿಕ್ಕಮ್ಮ ತೀರಿಕೊಂಡರು ಎಂಬ ಮೆಸೇಜಿಗೆ ನೂರು ಜನ ಕೈಮುಗಿದ ಚಿತ್ರ ಹಾಕುತ್ತಾರೆ, ಮನೆಗೆ ಹೋಗುವವರು ಹತ್ತು. ಚಿತ್ರ ಹಾಕಿದ ಕೂಡಲೇ ಕರ್ತವ್ಯ ಮುಗಿಯಿತೆಂಬ ಭಾವನೆ ಬಂದುಬಿಡುತ್ತದೆ. ಸಾವಿನ ಸುದ್ದಿಗೆ ಗ್ರೂಪಿನಲ್ಲಿ ಏನೂ ಹಾಕದೆ ಹೋಗಿಬನ್ನಿ. ಹೋಗಲಾಗದಿದ್ದರೆ ಆ ದಿನ ಬೇಡ, ಮನೆ ಖಾಲಿಯಾಗುವ ಹದಿನೈದನೇ ದಿನದ ಹೊತ್ತಿಗೆ ಚಿಕ್ಕಪ್ಪನಿಗೆ ಫೋನ್ ಮಾಡಿ. ಆಗ ಯಾರ ಕರೆಯೂ ಬರುತ್ತಿರುವುದಿಲ್ಲ.

ಬೆಂಗಳೂರಿನ ಪಿಜಿಯಲ್ಲಿದ್ದೇನೆ, ವಾರಕ್ಕೆ ನಾಲ್ಕು ದಿನ ರೂಮಿನಿಂದಲೇ ಕೆಲಸ. ಇನ್‌ಸ್ಟಾಗ್ರಾಂನಲ್ಲಿ ಏಳುನೂರು ಫಾಲೋವರ್ಸ್. ಮೊನ್ನೆ ಜ್ವರ ಬಂದಾಗ ಮಾತ್ರೆ ತಂದುಕೊಡಿ ಅನ್ನಲು ಒಬ್ಬರೂ ನೆನಪಾಗಲಿಲ್ಲ.
ಸಾಫ್ಟ್‌ವೇರ್ ಉದ್ಯೋಗಿ

ನೀವು ಒಬ್ಬರೇ ಅಲ್ಲ ಎಂಬುದಕ್ಕೆ ದಾಖಲೆ ಇದೆ. ಅಮೆರಿಕದ ಸರ್ಜನ್ ಜನರಲ್ (ಜನರ ಆರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಕೊಡುವ ಸರ್ಕಾರಿ ವೈದ್ಯರು) ಆಗಿದ್ದ ವಿವೇಕ್ ಮೂರ್ತಿ, ಅವರ ಮನೆತನದ ಬೇರು ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು, 2023ರಲ್ಲಿ ಒಂಟಿತನವನ್ನೇ ವಿಷಯವಾಗಿಟ್ಟು ದೇಶಕ್ಕೆ ಎಚ್ಚರಿಕೆ ಹೊರಡಿಸಿದರು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರದಿ ಜಗತ್ತಿನ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಎಂದಿತು.

ಗೆಳೆತನಕ್ಕೆ ಗಂಟೆಗಳ ಲೆಕ್ಕವೂ ಇದೆ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಕಂಡುಕೊಂಡಂತೆ, ಪರಿಚಯದವರು ಸಾಧಾರಣ ಗೆಳೆಯರಾಗಲು ಸುಮಾರು 50 ಗಂಟೆ, ಗೆಳೆಯರಾಗಲು 90 ಗಂಟೆ, ಆಪ್ತರಾಗಲು 200 ಗಂಟೆಗೂ ಹೆಚ್ಚು ಜೊತೆಗಿರಬೇಕು. ವಾರಕ್ಕೆ ಎರಡು ಗಂಟೆಯಂತೆ 50 ಗಂಟೆಗೆ ಆರು ತಿಂಗಳು. ಆದ್ದರಿಂದ ಪ್ರತಿ ವಾರ ಹೊಸ ಜಾಗ, ಹೊಸ ಜನ ಎಂದು ಅಲೆಯಬೇಡಿ. ಒಂದೇ ಜಾಗ, ಒಂದೇ ದಿನ, ಒಂದೇ ಹೊತ್ತು ಇರಲಿ: ಶನಿವಾರದ ಶಟಲ್, ಭಾನುವಾರ ಬೆಳಗಿನ ಕೆರೆ ದಂಡೆಯ ನಡಿಗೆ, ಸಂಗೀತದ ತರಗತಿ, ಯಾವುದಾದರೂ ಸರಿ. ಮೂರು ಸಲ ಹೋಗಿ ಯಾರೂ ಮಾತಾಡಿಸಲಿಲ್ಲವೆಂದು ಬಿಡುವವರೇ ಹೆಚ್ಚು. ಮೂರು ಸಲಕ್ಕೆ ಆರು ಗಂಟೆಯಷ್ಟೇ ಆಗಿರುತ್ತದೆ.

ಪಿಜಿಯಲ್ಲಿ ಊಟದ ತಟ್ಟೆಯನ್ನು ರೂಮಿಗೆ ಒಯ್ಯುವುದನ್ನು ಇವತ್ತಿನಿಂದಲೇ ನಿಲ್ಲಿಸಿ, ಕಿವಿಯಿಂದ ಇಯರ್‌ಬಡ್ ತೆಗೆದು ಕೆಳಗೆ ಕೂತು ಉಣ್ಣಿ. ಕಿವಿಯಲ್ಲಿ ಅದು ಇದ್ದರೆ ಯಾರೂ ಮಾತಾಡಿಸುವುದಿಲ್ಲ. ಪಕ್ಕದ ರೂಮಿನವರಿಗೆ ಏನಾದರೂ ಸಣ್ಣ ಸಹಾಯ ಕೇಳಿ, ಇಸ್ತ್ರಿ ಪೆಟ್ಟಿಗೆಯಾದರೂ ಸರಿ. ಕೊಟ್ಟು ತೆಗೆದುಕೊಂಡವರ ನಡುವೆ ಜ್ವರದ ಮಾತ್ರೆ ಕೇಳಲು ಸಂಕೋಚ ಇರುವುದಿಲ್ಲ.

ಬ್ಲೂ ಟಿಕ್ ಬಂದು ಮೂರು ಗಂಟೆ ಆದರೂ ಗೆಳತಿ ಉತ್ತರ ಕೊಡಲಿಲ್ಲ. ಬೇಕೆಂದೇ ಹೀಗೆ ಮಾಡುತ್ತಾಳಾ?
ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಬ್ಲೂ ಟಿಕ್ ಬಂದರೆ ಚಾಟ್ ತೆರೆದಿತ್ತು ಎಂದಷ್ಟೇ ತಿಳಿಯುತ್ತದೆ, ಓದಿ ಮನಸ್ಸಿಗೆ ತೆಗೆದುಕೊಂಡಳು ಎಂದಲ್ಲ. ಕಂಪ್ಯೂಟರಿನಲ್ಲಿ ನಿಮ್ಮ ಚಾಟ್ ತೆರೆದೇ ಇದ್ದರೂ ಬರುತ್ತದೆ, ಬಸ್ಸಿನಲ್ಲಿ ಬೆರಳು ತಾಗಿದರೂ ಬರುತ್ತದೆ. ನೋಟಿಫಿಕೇಷನ್‌ನಲ್ಲೇ ಪೂರ್ತಿ ಓದಿದರೆ ಬರುವುದೇ ಇಲ್ಲ. ಸೆಟ್ಟಿಂಗ್ಸ್‌ನ ಪ್ರೈವೆಸಿಯಲ್ಲಿ ರೀಡ್ ರಿಸೀಟ್ಸ್ ಆಫ್ ಮಾಡಿ. ನಿಮ್ಮದು ಅವರಿಗೆ, ಅವರದು ನಿಮಗೆ ಎರಡೂ ಕಾಣುವುದಿಲ್ಲ. ಗ್ರೂಪ್‌ಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಲಾಸ್ಟ್ ಸೀನ್ ಕೂಡ ಮುಚ್ಚಿಡಿ. ಒಂದು ಮಾತಿಗೆ ಅದೇ ದಿನ ಉತ್ತರ ಬೇಕೆಂದಿದ್ದರೆ ಫೋನ್ ಮಾಡಿ ಕೇಳಿ, ಜಗಳದ ಮಾತಾದರೆ ಎದುರಿಗೆ ಕೂತು ಆಡಿ. ಬರೆದ ಮಾತಿಗೆ ಧ್ವನಿ ಇರುವುದಿಲ್ಲ, ಓದುವವರು ತಮ್ಮ ಮನಸ್ಸಿನ ಸ್ಥಿತಿಗೆ ತಕ್ಕ ಧ್ವನಿಯನ್ನು ಅದಕ್ಕೆ ಕೊಟ್ಟುಕೊಳ್ಳುತ್ತಾರೆ.

ಕಿರಾಣಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ, ಸೌಂಡ್‌ಬಾಕ್ಸ್ ಕೂಗಿದ ಕೂಡಲೇ ಹೊರಟುಬಿಡುತ್ತೇವೆ. ಇದರಿಂದ ನಿಜಕ್ಕೂ ಏನಾದರೂ ಕಳೆದುಕೊಳ್ಳುತ್ತೇವೆಯೇ?
ಓದುಗರು, ತುಮಕೂರು

ಹೌದು. ಮೇಲೆ ಹೇಳಿದ ಬ್ರಿಟಿಷ್ ಕೊಲಂಬಿಯಾದವರದೇ 2014ರ ಅಧ್ಯಯನದಲ್ಲಿ, ಕಾಫಿ ಕೊಡುವವರ ಜೊತೆ ನಕ್ಕು ನಾಲ್ಕು ಮಾತಾಡಿ ಬಂದವರು, ಬೇಗ ಬೇಗ ತೆಗೆದುಕೊಂಡು ಹೊರಟವರಿಗಿಂತ ಹೆಚ್ಚು ಖುಷಿಯಾಗಿದ್ದರು. ಚಿಲ್ಲರೆ ಎಣಿಸುವ ಅರ್ಧ ನಿಮಿಷದಲ್ಲಿ ಮೊದಲು ಈ ಮಾತು ತಾನಾಗಿ ಆಗುತ್ತಿತ್ತು. ಯುಪಿಐ ಬಂದ ಮೇಲೆ ಆ ಅರ್ಧ ನಿಮಿಷ ಇಲ್ಲ, ಆದ್ದರಿಂದ ಬೇಕೆಂದೇ ಮಾಡಿಕೊಳ್ಳಬೇಕು. ಸ್ಕ್ಯಾನ್ ಮಾಡುವ ಮುಂಚೆ ಮಾತಾಡಿ. ಆಮೇಲೆ ಆಗುವುದಿಲ್ಲ, ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಒಂಟಿಯಾಗಿರುವ ಹಿರಿಯರಿದ್ದರೆ ಅವರ ಸಾಮಾನನ್ನೆಲ್ಲ ಮಕ್ಕಳು ದೂರದಿಂದ ಆ್ಯಪ್‌ನಲ್ಲಿ ತರಿಸಿಕೊಡಬೇಡಿ. ಹಾಲು, ಕೊತ್ತಂಬರಿ ಸೊಪ್ಪಿನಂಥ ಹಗುರವಾದದ್ದನ್ನು ಅವರೇ ಹೋಗಿ ತರಲಿ. ಎರಡು ದಿನ ಬರಲಿಲ್ಲವೆಂದರೆ ಅಂಗಡಿಯವರು "ಯಜಮಾನ್ರು ಕಾಣಲಿಲ್ಲ" ಎಂದು ವಿಚಾರಿಸುತ್ತಾರೆ.

ಮಹಾರಾಷ್ಟ್ರದ ಒಂದು ಹಳ್ಳಿಯಲ್ಲಿ ಸೈರನ್ ಊದಿ ಮೊಬೈಲ್, ಟಿವಿ ನಿಲ್ಲಿಸುತ್ತಾರಂತೆ. 60 ಮನೆಗಳ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಾಡಬಹುದೇ?
ನಿವಾಸಿಗಳ ಸಂಘದ ಕಾರ್ಯದರ್ಶಿ, ಹುಬ್ಬಳ್ಳಿ

ಅದು ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್. 2022ರ ಆಗಸ್ಟ್‌ನಲ್ಲಿ ಶುರುವಾಯಿತು. ಸಂಜೆ 7ಕ್ಕೆ ದೇವಸ್ಥಾನದ ಸೈರನ್, ಎಂಟೂವರೆಯವರೆಗೆ ಟಿವಿ, ಮೊಬೈಲ್ ಬಂದ್. ಕೊರೋನಾ ಕಾಲದ ಆನ್‌ಲೈನ್ ಪಾಠದ ನಂತರ ಮಕ್ಕಳು ಮೊಬೈಲ್ ಬಿಡದಿದ್ದುದು ಇದಕ್ಕೆ ಕಾರಣ. ನಮ್ಮ ಬೆಳಗಾವಿ ತಾಲ್ಲೂಕಿನ ಹಲಗಾದಲ್ಲೂ 2024ರ ಕೊನೆಯಲ್ಲಿ ಇಂಥದ್ದೇ ಸೈರನ್ ಬಂತು. ಎಲ್ಲರ ಗಮನ ಸೈರನ್ ಮೇಲೆ ಹೋಗುತ್ತದೆ. ವಡಗಾಂವ್‌ನಲ್ಲಿ ಅದಕ್ಕೂ ಮುಂಚೆ ಹೆಂಗಸರ ಸಭೆ ಕರೆದಿದ್ದರು, ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ನಿವೃತ್ತ ಶಿಕ್ಷಕರು ಮನೆಮನೆಗೆ ಹೋಗಿ ಮಾತಾಡಿದ್ದರು. ನಿಮ್ಮಲ್ಲಿ ನೋಟಿಸ್ ಬೋರ್ಡಿಗೆ ಕಾಗದ ಅಂಟಿಸಿ ಸುಮ್ಮನಾದರೆ ಒಂದು ದಿನವೂ ನಡೆಯುವುದಿಲ್ಲ.

ವಾರಪೂರ್ತಿ ಬೇಡ, ಬುಧವಾರ ಮತ್ತು ಶನಿವಾರ ಸಂಜೆ 7ರಿಂದ 8ಕ್ಕೆ ಶುರುಮಾಡಿ. ಎಲ್ಲ 60 ಮನೆಯವರೂ ಒಪ್ಪಬೇಕೆಂದು ಕಾಯಬೇಡಿ, 12 ಮನೆಯವರು ಖಂಡಿತ ಬರುತ್ತೇವೆಂದರೆ ಸಾಕು. ಕೆಳಗಿನ ಜಾಗದಲ್ಲಿ ಕುರ್ಚಿಗಳನ್ನು ಸಾಲಾಗಿ ಇಡದೆ ಐದಾರು ಕುರ್ಚಿಯ ಸುತ್ತುಗಳನ್ನು ಮಾಡಿ. ಸಾಲಾಗಿ ಕೂತವರು ಮೊಬೈಲ್ ತೆಗೆಯುತ್ತಾರೆ, ಎದುರುಬದುರು ಕೂತವರು ಮಾತಾಡುತ್ತಾರೆ. ಮಕ್ಕಳಿಗೆ ಎರಡು ಕೇರಂ ಬೋರ್ಡ್, ಎರಡು ಚೌಕಾಬಾರದ ಹಾಸು, ದೊಡ್ಡವರಿಗೆ ಬಾಳೆಕಾಯಿ ಬಜ್ಜಿ ಅಥವಾ ಮಂಡಕ್ಕಿ. ಸರದಿಯಂತೆ ಎರಡು ಮನೆಯವರು ತರಲಿ. ಲೈಟ್ ಚೆನ್ನಾಗಿರಲಿ, ಸೊಳ್ಳೆ ಕಚ್ಚಿದರೆ ಹಿರಿಯರು ಎರಡನೇ ದಿನ ಬರುವುದಿಲ್ಲ.

ದಂಡ ಹಾಕಬೇಡಿ, ಯಾರು ಬರಲಿಲ್ಲವೆಂದು ಪಟ್ಟಿ ಮಾಡಬೇಡಿ. ಈ ಒಂದು ಗಂಟೆಗೆಂದು ಇನ್ನೊಂದು ವಾಟ್ಸ್ಆ್ಯಪ್ ಗ್ರೂಪ್ ಬೇಡವೇ ಬೇಡ, ಫೋಟೊ ತೆಗೆಯುವುದೂ ಬೇಡ. ಫೋಟೊಕ್ಕೆಂದು ಒಬ್ಬರು ಮೊಬೈಲ್ ತೆಗೆದರೆ ಹತ್ತು ಜನ ತೆಗೆಯುತ್ತಾರೆ. ಡ್ಯೂಟಿಯಲ್ಲಿರುವ ಡಾಕ್ಟರ್, ಮನೆಯಲ್ಲಿ ಕಾಯಿಲೆಯವರಿರುವವರು ಮೊಬೈಲ್ ಇಟ್ಟುಕೊಳ್ಳಲಿ. ಉಳಿದವರಿಗೆ ಸೆಕ್ಯುರಿಟಿ ಕೋಣೆಯ ನಂಬರನ್ನು ಮನೆಯವರಿಗೆ ಕೊಟ್ಟು ಬರಲು ಹೇಳಿ, ತುರ್ತು ಕರೆ ಬಂದರೆ ಸೆಕ್ಯುರಿಟಿಯವರು ಹೆಸರು ಹಿಡಿದು ಕೂಗಲಿ. ಎಂಟು ವಾರ ನಡೆಸಿ, ಆಮೇಲೆ ಮೂರನೇ ದಿನ ಬೇಕೇ ಎಂದು ಮಕ್ಕಳನ್ನು ಕೇಳಿ.